ಪುಟದಲ್ಲಿ ಆರು ಲಕ್ಷ, ಆಸ್ಪತ್ರೆಗೆ ಸೇರಿದ್ದು ನಾಲ್ಕೂ ಇಲ್ಲ: ಆನ್‌ಲೈನ್‌ನಲ್ಲಿ ಹಣ ಎತ್ತುವವರು ಓದಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಾವು ತೆರೆದ ಹಣ ಸಂಗ್ರಹದ ಪುಟದಲ್ಲಿ ಊರಿಗೆಲ್ಲ ಕಂಡಿದ್ದು 6,12,400 ರೂಪಾಯಿ. ಆಸ್ಪತ್ರೆಯ ಖಾತೆಗೆ ಹೋಗಿದ್ದು 3,78,467. ಉಳಿದದ್ದು ಎಲ್ಲಿ ಹೋಯ್ತು ಅನ್ನೋದನ್ನ ಬಿಡಿಸಿ ಬರೆಯುತ್ತಿದ್ದೇನೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಆಟೋ ಓಡಿಸುವ ಅಣ್ಣನಿಗೆ ಗಬ್ಬೂರು-ನರೇಂದ್ರ ಬೈಪಾಸಿನಲ್ಲಿ ಅಪಘಾತವಾಯಿತು. ತಲೆಗೆ ಪೆಟ್ಟು. ದಾರಿಹೋಕರು ಸೇರಿಸಿದ ಖಾಸಗಿ ಆಸ್ಪತ್ರೆ ಸರ್ಕಾರಿ ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ಹಾಗಾಗಿ ಬಿಪಿಎಲ್ ಕಾರ್ಡ್ ಇದ್ದೂ ಪ್ರಯೋಜನ ಆಗಲಿಲ್ಲ. ಪ್ರತಿ ವರ್ಷ ಗಣಪತಿ ಪಟ್ಟಿ ಎತ್ತುವ ಹುಡುಗರೇ ಮುಂದೆ ನಿಂತರು, ಪುಟ ತೆರೆದೆವು. ಮೊದಲ ವಾರ ಚೆನ್ನಾಗಿಯೇ ಹಣ ಬಂತು. ಆಟೋ ಸಂಘದ ಗುಂಪು, ಶಾಲೆ ಗೆಳೆಯರ ಗುಂಪು, ಬೆಂಗಳೂರಿಗೆ ಹೋದ ನಮ್ಮ ಕಡೆ ಹುಡುಗರು, ಎಲ್ಲರೂ ಹಾಕಿದರು.

ಆಗ ಆ ಹಣ ಸಂಗ್ರಹದ ಜಾಲತಾಣ ನಡೆಸುವ ಕಂಪನಿಯ ಹುಡುಗನೊಬ್ಬ ಫೋನ್ ಮಾಡಿದ. ನಮಗಲ್ಲ, ನೇರ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ. ಪುಟ ಅವರ ಹೆಸರಿನಲ್ಲಿತ್ತಲ್ಲ. ರಾತ್ರಿ ಹೊತ್ತು, ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು ಅವರು. "ಮೇಡಂ, ನಿಮ್ಮ ಕಥೆಯನ್ನ ಫೇಸ್‌ಬುಕ್‌ನಲ್ಲಿ ಸಾವಿರಾರು ಜನಕ್ಕೆ ತಲುಪಿಸ್ತೀವಿ. ನೀವು ಕೈಯಿಂದ ಒಂದು ರೂಪಾಯಿನೂ ಕೊಡೋದು ಬೇಡ." ಕೈಯಿಂದ ಕೊಡೋದು ಬೇಡ ಅಂದಿದ್ದೇನೋ ನಿಜ. ಬಂದ ಹಣದಲ್ಲೇ ಹಿಡಿದುಕೊಳ್ಳುತ್ತೇವೆ ಅನ್ನೋದು ಅವನು ಕಳಿಸಿದ ಲಿಂಕಿನೊಳಗೆ, ಇಂಗ್ಲಿಷಿನಲ್ಲಿ, ಕೆಳಗಡೆ ಇತ್ತು. ಮೇಲೆ ದೊಡ್ಡದಾಗಿ ಹಸಿರು ಬಟನ್. ನಾಲ್ಕನೇ ಇಯತ್ತೆ ಓದಿದ ಹೆಂಗಸು, ಒಳಗೆ ಗಂಡ ವೆಂಟಿಲೇಟರ್ ಮೇಲೆ. ಅಂಥವರ ಕೈಯಲ್ಲಿ ಆ ಹೊತ್ತಿನಲ್ಲಿ ಬಟನ್ ಒತ್ತಿಸಿಕೊಂಡರು. ಇದಕ್ಕೆ ಒಪ್ಪಿಗೆ ಅಂತಾರಾ?

ಕೊನೆಗೆ ಬಂದ ಲೆಕ್ಕದ ಹಾಳೆ ಹೀಗಿತ್ತು. ಪ್ಲಾಟ್‌ಫಾರ್ಮ್ ಶುಲ್ಕ ಸೊನ್ನೆ. ಅದನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದರು! ಜಾಹೀರಾತು ವೆಚ್ಚ 1,86,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 33,480. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಹಣ ದಾಟಿಸುವ ವ್ಯವಸ್ಥೆಯ ಶುಲ್ಕ ತೆರಿಗೆ ಸೇರಿ 14,453. ಜಾಹೀರಾತು ನೋಡಿ ಹಾಕಿದವರು ಇರಲಿಲ್ಲ ಅಂತ ನಾನು ಹೇಳಲ್ಲ, ಗುರುತಿಲ್ಲದ ಹೆಸರುಗಳೂ ಪಟ್ಟಿಯಲ್ಲಿದ್ದವು. ಆದರೆ ಅವರಿಂದ ಎಷ್ಟು, ನಮ್ಮ ಗುಂಪುಗಳಿಂದ ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ.

ಹಣಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಆ ಆರು ಲಕ್ಷದ ಅಂಕಿ. ಪುಟದಲ್ಲಿ ಕಡಿತ ಕಾಣಲ್ಲ, ಒಟ್ಟು ಮಾತ್ರ ಕಾಣುತ್ತೆ. ವೈನಿ ಹಾಲಿಗೆ ಅಂತ ಹೋದರೆ ಕಿರಾಣಿ ಅಂಗಡಿಯಾಕೆ ಎಲ್ಲರ ಎದುರಿಗೇ, "ಯವ್ವಾ, ಆರು ಲಕ್ಷ ಬಂದೈತಂತ, ನಾನ ಮೊಬೈಲ್‌ನ್ಯಾಗ ನೋಡೀನಿ. ನನ್ನ ಉದ್ರಿ ಯಾವಾಗ ತೀರಸ್ತಿ?" ಅಂದಳು. ಅವತ್ತಿಂದ ವೈನಿ ಆ ಲೆಕ್ಕದ ಹಾಳೆಯನ್ನ ಮಡಚಿ ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿದರು. ಬಿಲ್ ಕಟ್ಟಲು ಇನ್ನೂ ಕಡಿಮೆ ಬಿದ್ದಾಗ ಕೈಗಡ ಕೇಳಿದರೆ ಯಾರೂ ನಂಬಲಿಲ್ಲ.

ಹಣ ಹಾಕಿದವರಿಗೂ ಒಂದು ಏಟು ಬಿತ್ತು. ಧಾರವಾಡದ ನನ್ನ ಗೆಳತಿ 1,000 ಹಾಕಿದಳು, ಖಾತೆಯಿಂದ ಹೋಗಿದ್ದು 1,140. ಆ 140 'ಟಿಪ್', ಕಂಪನಿಗೆ. ಮೊದಲೇ ಆಯ್ಕೆ ಮಾಡಿ ಇಟ್ಟಿರುತ್ತಾರೆ, ಬೇಡ ಅಂದರೆ ನಾವೇ ಹುಡುಕಿ ಸೊನ್ನೆ ಮಾಡಬೇಕು. ಸುಮ್ನೆ ಮುಂದೆ ಒತ್ತಿದರೆ ಹೋಯ್ತು.

ಇದರ ನಡುವೆ ಯಾರೋ ಪುಣ್ಯಾತ್ಮರು ನಮ್ಮ ಪೋಸ್ಟರನ್ನೇ ತೆಗೆದುಕೊಂಡು, ಫೋಟೋ ಹಾಗೇ ಬಿಟ್ಟು, ಕ್ಯೂಆರ್ ಕೋಡ್ ಮಾತ್ರ ಬದಲಿಸಿ ಹರಿಬಿಟ್ಟರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಅದು ಸಿಕ್ಕಿತು. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿದೆವು. ಹಾಕುವವರು ಪಿನ್ ಒತ್ತುವ ಮುಂಚೆ ತೆರೆಯ ಮೇಲೆ ಬರುವ ಹೆಸರು ನೋಡಿದರೆ ಇದು ಅಲ್ಲೇ ಗೊತ್ತಾಗುತ್ತೆ. ಆದ್ದರಿಂದ ಯಾರ ಹೆಸರು ಬರಬೇಕು ಅನ್ನೋದನ್ನ ಪೋಸ್ಟರಿನಲ್ಲೇ ಬರೆಯಿರಿ.

ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಂದರೆ ಪುಟ ತೆರೆಯುವ ಮುಂಚೆ ಯೋಜನೆಗಳನ್ನ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಆಸ್ಪತ್ರೆ ಪಟ್ಟಿಯಲ್ಲಿರಬೇಕು. ರಸ್ತೆ ಅಪಘಾತಕ್ಕೆ 2025ರಲ್ಲಿ ಕೇಂದ್ರದ ನಗದುರಹಿತ ಯೋಜನೆ ಬಂದಿದೆ, 7 ದಿನದವರೆಗೆ 1.5 ಲಕ್ಷ. ನಮಗೆ ಆಸ್ಪತ್ರೆಯವರು ಇದರ ಸುದ್ದಿಯನ್ನೇ ಎತ್ತಲಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ಪುಟ ತೆರೆಯಲೇಬೇಕು ಅಂದರೆ ರೋಗಿಯ ಪಕ್ಕ ಕೂತವರ ನಂಬರ್ ಕೊಡಬೇಡಿ, ಓದಿ ಉತ್ತರ ಕೊಡಬಲ್ಲ ಒಬ್ಬರದ್ದು ಕೊಡಿ. ಪ್ರಮೋಷನ್ ಅಂತ ಫೋನ್ ಬಂದರೆ "ಕಡಿತಕ್ಕೆ ಗರಿಷ್ಠ ಮಿತಿ ಎಷ್ಟು, ಇಮೇಲಿನಲ್ಲಿ ಬರೆದು ಕಳಿಸಿ" ಅನ್ನಿ. ನಮ್ಮ ಪ್ರಕಾರ ಬೇಡವೇ ಬೇಡ ಅನ್ನೋದೇ ವಾಸಿ. ಹಣ ಬಿಲ್ ತೋರಿಸಿದರೆ ಆಸ್ಪತ್ರೆಗೆ ಮಾತ್ರ ಹೋಗುತ್ತಾ, ಮನೆಗೆ ಬಂದ ಮೇಲಿನ ಖರ್ಚಿಗೂ ಸಿಗುತ್ತಾ ಅಂತಲೂ ಕೇಳಿ. ನಮ್ಮದು ಆಸ್ಪತ್ರೆಗೆ ಮಾತ್ರ ಹೋಯ್ತು.

ಈಗ ಅಣ್ಣ ಗೋಡೆ ಹಿಡಿದು ನಡೆಯುತ್ತಿದ್ದಾರೆ, ಫಿಸಿಯೋಥೆರಪಿಗೆ ಮತ್ತೆ ಹಣ ಬೇಕಾಗಿದೆ. ಈ ಸಲ ವೈನಿಯ ಬ್ಯಾಂಕ್ ಖಾತೆಗೇ ತರಿಸುತ್ತಿದ್ದೇವೆ. ಯಾರು ಎಷ್ಟು ಹಾಕಿದರು, ಯಾವುದಕ್ಕೆ ಖರ್ಚಾಯಿತು ಅಂತ ದಿನಾ ರಾತ್ರಿ ಗುಂಪಿನಲ್ಲಿ ಹಾಕುತ್ತೇವೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ಅದು ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಎಲ್ಲ ಬಿಲ್ ಫೈಲ್ ಮಾಡಿ ಆಡಿಟರ್ ಹತ್ತಿರ ಕೇಳಿಕೊಂಡಿದ್ದೇವೆ. ಕಂಪನಿಯ ಮೇಲೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಾಗಿದೆ. ಜಾಹೀರಾತಿನ ಬಿಲ್ ಮಾತ್ರ ಅವರು ಇನ್ನೂ ತೋರಿಸಿಲ್ಲ.