ವಂಶಮೂಲದ ಡಿಎನ್‌ಎ ಪರೀಕ್ಷೆ: ಸಂಬಂಧದಲ್ಲೇ ಹೆಣ್ಣು ತಂದುಕೊಂಡ ಮನೆಯವರು ಮೊದಲು ಇದನ್ನು ಓದಿ

ಕಳೆದ ವರ್ಷ ದಾವಣಗೆರೆಯಲ್ಲಿ ವಂಶಮೂಲ ಹುಡುಕಿಕೊಡುತ್ತೇನೆ ಎಂದು ಹೇಳಿಕೊಳ್ಳುವ ಮಧ್ಯವರ್ತಿಯೊಬ್ಬನ ಮಾತು ನಂಬಿ ನಾನೂ ನಮ್ಮ ದೊಡ್ಡಪ್ಪನ ಮಗನೂ ಎಂಜಲಿನ ಮಾದರಿ ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡೆವು. ಬಂದ ವರದಿಗೆ ಆತ ಹೇಳಿದ ಅರ್ಥದಿಂದಾಗಿ ಎಪ್ಪತ್ತು ದಾಟಿದ ನಮ್ಮ ಅವ್ವನ ನಡತೆಯ ಮೇಲೆ ಮನೆಯೊಳಗೇ ಅನುಮಾನ ಎದ್ದಿತು. ಐದು ತಿಂಗಳು ಎರಡು ಮನೆಗಳ ನಡುವೆ ಮಾತು ನಿಂತಿತು. ಆ ಅನುಮಾನ ಸುಳ್ಳು ಎಂಬುದಕ್ಕೆ ಬೇಕಾದ ಅಂಕಿ ಅದೇ ವರದಿಯ ಮೊದಲ ಪುಟದಲ್ಲಿತ್ತು, ಅದನ್ನು ಓದುವ ಬಗೆ ಮಾತ್ರ ನಮಗೆ ಗೊತ್ತಿರಲಿಲ್ಲ.

ನಮ್ಮದು ಜಗಳೂರು ಕಡೆಯ ಊರು. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ವಶಪಡಿಸಿಕೊಂಡಾಗ ಕೋಟೆಯ ಕಾವಲಿನಲ್ಲಿದ್ದ ನಮ್ಮ ಹಿರಿಯರು ಅಲ್ಲಿಂದ ಹೊರಟು ಬಂದು ಇಲ್ಲಿ ನೆಲೆಸಿದರು ಎಂಬ ಮಾತು ಮನೆಯಲ್ಲಿ ತಲೆಮಾರುಗಳಿಂದ ಇದೆ. ಅದಕ್ಕೊಂದು ಸಾಕ್ಷಿ ಸಿಕ್ಕೀತು ಎಂಬ ಆಸೆ ಅಣ್ಣನಿಗೆ ಬಹಳ ಇತ್ತು. ಒಂದೇ ವಂಶದ ಇಬ್ಬರು ಗಂಡಸರು ಮಾದರಿ ಕೊಟ್ಟರೆ ದುರ್ಗದ ಸಂಬಂಧ ಖಚಿತವಾಗಿ ತಿಳಿಯುತ್ತದೆ ಎಂದು ಹೇಳಿ ಆ ಮಧ್ಯವರ್ತಿ ಇಬ್ಬರಿಗೂ ಸೇರಿಸಿ 38,000 ರೂಪಾಯಿ ತೆಗೆದುಕೊಂಡ. ಈ ಭರವಸೆಗೇ ಬುಡವಿರಲಿಲ್ಲ. ಎಂಟು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರ ಪಟ್ಟಿಯಲ್ಲೂ 256 ಹಿರಿಯರ ಸ್ಥಾನಗಳಿರುತ್ತವೆ, ಅವರಲ್ಲಿ ಒಬ್ಬರಿಂದ ನಮಗೆ ಬಂದಿರಬಹುದಾದ ಡಿಎನ್‌ಎ ಸರಾಸರಿ ಶೇ. 0.4ರಷ್ಟು ಮಾತ್ರ. ಅಷ್ಟಕ್ಕೂ ಒಬ್ಬರ ಡಿಎನ್‌ಎ ಯಾರದೆಂದು ಹೇಳಬೇಕಾದರೆ ಹೋಲಿಸಿ ನೋಡಲು ಗುರುತು ಖಚಿತವಾದ ಇನ್ನೊಂದು ಮಾದರಿ ಬೇಕು. ಅಂಥ ಮಾದರಿ ಎಲ್ಲಿದೆ ಎಂದು ನಾವು ಕೇಳಬೇಕಿತ್ತು, ಕೇಳಲಿಲ್ಲ.

ವರದಿ ಬಂದಾಗ ಮೂಲದ ಜಾಗದಲ್ಲಿ ‘ದಕ್ಷಿಣ ಭಾರತ’ ಎಂಬುದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಆದರೆ ನನ್ನ ಹೆಸರಿನ ಎದುರು ಅಣ್ಣನ ಹೆಸರು, ಅದರ ಪಕ್ಕದಲ್ಲಿ ಇಬ್ಬರ ಡಿಎನ್‌ಎಯಲ್ಲಿ ಸಮಾನವಾಗಿರುವ ಪಾಲು ಶೇ. 30 ಎಂಬ ಅಂಕಿ, ಅದರ ಕೆಳಗೆ ‘ಹಾಫ್ ಸಿಬ್ಲಿಂಗ್’ ಎಂಬ ಊಹೆ ಇತ್ತು. ಹಾಗೆಂದರೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಮಾತ್ರ ಸಮಾನರಾಗಿರುವ ಒಡಹುಟ್ಟಿದವರು. ದಾಯಾದಿಗಳಾಗಿದ್ದರೆ ಶೇ. 12ರ ಆಸುಪಾಸು ಬರಬೇಕಿತ್ತು, 30 ಬಂದಿರುವುದರಿಂದ ನಿಮ್ಮಿಬ್ಬರ ತಂದೆ ಒಬ್ಬರೇ ಇರಬೇಕು ಎಂದು ಆತ ಅಣ್ಣನ ಮುಂದೆಯೂ ಅತ್ತಿಗೆಯ ಮುಂದೆಯೂ ಹೇಳಿದ. ಅಪ್ಪನೂ ದೊಡ್ಡಪ್ಪನೂ ತೀರಿಕೊಂಡು ವರ್ಷಗಳಾಗಿವೆ. ಉತ್ತರ ಹೇಳುವ ಭಾರವೆಲ್ಲ ಅವ್ವನ ಮೇಲೆ ಬಿತ್ತು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಎರಡೂ ಮನೆಯವರು ಸೇರಿ ಹಿರಿಯರಿಗೆ ಎಡೆ ಇಡಲಿಲ್ಲ. ನನಗೆ ತಿಳಿದಂತೆ ಹಾಗಾದದ್ದು ಅದೇ ಮೊದಲು.

ಈ ಅಂಕಿಯನ್ನು ನಮಗೆ ಬಿಡಿಸಿ ಹೇಳಿದವರು ಬೆಂಗಳೂರಿನ ಆಸ್ಪತ್ರೆಯೊಂದರ ಜೆನೆಟಿಕ್ ಕೌನ್ಸೆಲರ್, ಅಂದರೆ ಇಂಥ ವರದಿಗಳ ಅರ್ಥವನ್ನು ಮನೆಯವರಿಗೆ ತಿಳಿಸಿ ಹೇಳುವ ಸಲಹೆಗಾರರು. ಅವರು ವರದಿಯನ್ನು ಬದಿಗಿಟ್ಟು ಮೊದಲು ಕೇಳಿದ್ದು, ನಿಮ್ಮ ಮನೆಯಲ್ಲಿ ಯಾರು ಯಾರನ್ನು ಮದುವೆಯಾಗಿದ್ದಾರೆ ಎಂದು. ನಮ್ಮ ಅಜ್ಜಿ ತನ್ನ ಇಬ್ಬರು ಗಂಡುಮಕ್ಕಳಿಗೆ ತನ್ನ ತಮ್ಮನ ಇಬ್ಬರು ಹೆಣ್ಣುಮಕ್ಕಳನ್ನೇ ತಂದುಕೊಂಡಿದ್ದಳು. ಅಂದರೆ ಅಪ್ಪ ಮತ್ತು ದೊಡ್ಡಪ್ಪ ಅಣ್ಣತಮ್ಮಂದಿರು, ಅವ್ವ ಮತ್ತು ದೊಡ್ಡಮ್ಮ ಒಡಹುಟ್ಟಿದ ಅಕ್ಕತಂಗಿಯರು, ಇಬ್ಬರೂ ಗಂಡಂದಿರಿಗೆ ಸೋದರಮಾವನ ಮಕ್ಕಳು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಇದನ್ನು ಕೇಳಿಕೊಂಡ ಮೇಲೆ ಅವರು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ತಂದೆಯರು ಅಣ್ಣತಮ್ಮಂದಿರಾದ್ದರಿಂದ 12.5, ತಾಯಂದಿರು ಅಕ್ಕತಂಗಿಯರಾದ್ದರಿಂದ ಮತ್ತೊಂದು 12.5, ಗಂಡ ಹೆಂಡಿರೇ ಅತ್ತೆ-ಮಾವನ ಮಕ್ಕಳಾಗಿರುವ ಸೋದರಿಕೆಯಿಂದ 6.25, ಒಟ್ಟು ಸರಾಸರಿ ಶೇ. 31.25. ನಮ್ಮ ಅಂಕಿ 30. ಮಧ್ಯವರ್ತಿ ಹೇಳಿದಂತೆ ತಂದೆ ಒಬ್ಬರೇ ಆಗಿದ್ದರೆ ತಂದೆಯ ಪಾಲೇ 25 ಆಗಿ, ಉಳಿದೆರಡು ಪಾಲು ಸೇರಿ ಸುಮಾರು 44 ಬರಬೇಕಾಗಿತ್ತು. ನಮ್ಮ ಅವ್ವನ ವಿರುದ್ಧ ಹಿಡಿದು ತೋರಿಸಿದ ಅಂಕಿಯೇ ಅವಳ ಪರವಾಗಿತ್ತು.

ಕಂಪನಿಯ ಕಂಪ್ಯೂಟರ್ ಈ ತಪ್ಪು ಮಾಡಿದ್ದೇಕೆ ಎಂಬುದನ್ನೂ ಅವರು ತಿಳಿಸಿದರು. ಶೇಕಡಾವಾರು ಅಂಕಿಯನ್ನು ನೋಡಿ ಸಂಬಂಧದ ಹೆಸರನ್ನು ಊಹಿಸುವ ಈ ಕ್ರಮವು ತಂದೆಯ ಕಡೆಯವರಿಗೂ ತಾಯಿಯ ಕಡೆಯವರಿಗೂ ರಕ್ತಸಂಬಂಧ ಇಲ್ಲ ಎಂದು ಭಾವಿಸಿಕೊಂಡೇ ಲೆಕ್ಕ ಹಾಕುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆಯ ಮಗನಿಗೆ ಹೆಣ್ಣು ಕೊಡುವ, ನೂರಾರು ವರ್ಷಗಳಿಂದ ತಮ್ಮ ತಮ್ಮಲ್ಲೇ ಕೊಟ್ಟು ತಂದುಕೊಂಡ ನಮ್ಮಂಥ ಕುಟುಂಬಗಳಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಅಲ್ಲದೆ ಕನ್ನಡದಲ್ಲಿ ದೊಡ್ಡಪ್ಪನ ಮಗ ಅಣ್ಣನೇ, ಅತ್ತೆಯ ಮಗ ಮಾತ್ರ ಭಾವ. ಈ ಭೇದವನ್ನು ಬಲ್ಲ ನಮ್ಮ ಮಾತಿಗಿಂತ ಇವರೆಲ್ಲರನ್ನೂ ‘ಕಸಿನ್’ ಎಂಬ ಒಂದೇ ಪದದಲ್ಲಿ ಸೇರಿಸಿಬಿಡುವ ಕಂಪನಿಯ ಪಟ್ಟಿಯನ್ನು ನಾವು ಹೆಚ್ಚು ನಂಬಿದೆವು.

ಇದಕ್ಕಿಂತಲೂ ನನಗೆ ಸಿಟ್ಟು ತರಿಸಿದ್ದು ಮಧ್ಯವರ್ತಿಯ ಮುಂದಿನ ಹೆಜ್ಜೆ. ಅನುಮಾನ ಪರಿಹಾರವಾಗಬೇಕಾದರೆ ವೈ ಕ್ರೋಮೋಸೋಮಿನ ಪರೀಕ್ಷೆ ಮಾಡಿಸಿ ಎಂದು ಆತ ಇನ್ನೂ 18,000 ರೂಪಾಯಿ ಕೇಳಿದ. ವೈ ಕ್ರೋಮೋಸೋಮು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿದು ಬರುವಂಥದ್ದು. ಅಪ್ಪನಿಗೂ ದೊಡ್ಡಪ್ಪನಿಗೂ ಅದು ನಮ್ಮ ಅಜ್ಜನಿಂದಲೇ ಬಂದಿರುವಾಗ, ನಾನು ಇಬ್ಬರಲ್ಲಿ ಯಾರ ಮಗನಾದರೂ ಫಲಿತಾಂಶ ಒಂದೇ ಆಗಿರುತ್ತಿತ್ತು. ತಾಯಿಯ ಕಡೆಯಿಂದ ಬರುವ ಮೈಟೋಕಾಂಡ್ರಿಯದ ಪರೀಕ್ಷೆಯೂ ಅಷ್ಟೇ, ಅಕ್ಕತಂಗಿಯರ ಮಕ್ಕಳಲ್ಲಿ ಅದು ವ್ಯತ್ಯಾಸ ತೋರಿಸುವುದಿಲ್ಲ. ಏನನ್ನೂ ತೀರ್ಮಾನಿಸಲಾರದ ಪರೀಕ್ಷೆಗೆ ಆತ ನಮ್ಮ ಸಂಕಟವನ್ನೇ ಮುಂದಿಟ್ಟುಕೊಂಡು ಹಣ ಕೇಳಿದ. ಜಮೀನಿನ ಪಾಲಿನ ವಿಚಾರ ಕೋರ್ಟಿಗೆ ಹೋದರೆ ಈ ವರದಿ ಬೇಕಾಗುತ್ತದೆ ಎಂದೂ ಹೆದರಿಸಿದ. ಮನೆಯಲ್ಲೇ ಉಗುಳಿ ಅಂಚೆಯಲ್ಲಿ ಕಳಿಸಿದ ಕೊಳವೆ ಯಾರದು ಎಂಬುದಕ್ಕೇ ಸಾಕ್ಷಿ ಇರುವುದಿಲ್ಲ ಎಂದು ನಮ್ಮ ವಕೀಲರು ಹೇಳಿದ ಮೇಲೆ ಆ ಭಯ ಹೋಯಿತು.

ಆತ ಕೊಟ್ಟ ಚರ್ಮದ ಹೊದಿಕೆಯ ‘ವಂಶಾವಳಿ’ಯನ್ನು ನಾವು ತೆರೆದು ನೋಡಿದ್ದು ಬಹಳ ತಡವಾಗಿ. ಮೇಲಿನ ಅರ್ಧ ಭಾಗ ಯಾವ ಇತಿಹಾಸ ಪುಸ್ತಕದಲ್ಲೂ ಸಿಗುವ ದುರ್ಗದ ನಾಯಕರ ಪಟ್ಟಿ. ಕೆಳಗೆ ನಮ್ಮ ಮುತ್ತಜ್ಜನ ಹೆಸರು. ನಡುವಿನ ನೂರಕ್ಕೂ ಹೆಚ್ಚು ವರ್ಷಗಳಿಗೆ ಒಂದೇ ಒಂದು ಗೆರೆ.

ನಿಜವಾದ ದಾಖಲೆಗಳು ನಮ್ಮ ಹತ್ತಿರದಲ್ಲೇ ಇದ್ದವು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೆಯ ಪಹಣಿ ಮತ್ತು ಖಾತೆ ಬದಲಾವಣೆಯ ಪುಸ್ತಕಗಳಲ್ಲಿ ಮುತ್ತಜ್ಜನ ತಂದೆಯ ಹೆಸರು ಸಿಕ್ಕಿತು. ಸುಗ್ಗಿಯ ನಂತರ ಊರಿಗೆ ಬರುವ ಹೆಳವರು ತಮ್ಮ ಕೈಬರಹದ ಪುಸ್ತಕದಿಂದ ನಮ್ಮ ಮನೆತನದ ಆರು ತಲೆಮಾರನ್ನು ಓದಿದರು. ಇಬ್ಬರು ಅಣ್ಣತಮ್ಮಂದಿರಿಗೆ ಒಂದೇ ಚಪ್ಪರದಲ್ಲಿ ಇಬ್ಬರು ಅಕ್ಕತಂಗಿಯರನ್ನು ಧಾರೆ ಎರೆದದ್ದೂ ಅದರಲ್ಲಿತ್ತು. ಅವರಿಗೆ ನಾವು ಕೊಟ್ಟದ್ದು ಒಂದು ಚೀಲ ಜೋಳ ಮತ್ತು ಒಂದು ಪಂಚೆ.

ಇನ್ನೊಂದು ಮಾತು. ಒಬ್ಬರು ಮಾದರಿ ಕೊಟ್ಟರೆ ಅವರ ಒಡಹುಟ್ಟಿದವರ, ಮಕ್ಕಳ ವಿವರವೂ ಅರ್ಧಂಬರ್ಧ ಹೊರಗೆ ಹೋದಂತೆಯೇ. 2023ರಲ್ಲಿ ಇಂಥದ್ದೇ ಡಿಎನ್‌ಎ ಪರೀಕ್ಷೆ ಮಾಡುವ ಅಮೆರಿಕದ ‘23 ಆ್ಯಂಡ್ ಮೀ’ ಕಂಪನಿಯಲ್ಲಿ ಕಳ್ಳರು ನೇರವಾಗಿ ಪ್ರವೇಶಿಸಿದ್ದು ಸುಮಾರು 14,000 ಖಾತೆಗಳಿಗೆ. ಆದರೆ ಸಂಬಂಧಿಕರನ್ನು ತೋರಿಸುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈಸೇರಿತು. ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ಮಾದರಿಗಳು ಹೋದದ್ದು ಬೇರೆ ಪ್ರಯೋಗಾಲಯಕ್ಕೆ; ಮಾದರಿಯನ್ನು ನಾಶಮಾಡಿ, ಮಾಹಿತಿಯನ್ನು ಅಳಿಸಿ ಎಂದು ನಾವಿಬ್ಬರೂ ಬರೆದು ಕೇಳಿದೆವು. ಅಣ್ಣನ ಖಾತೆ ಅಳಿಸಿದ್ದಾಗಿ ಉತ್ತರ ಬಂದಿದೆ, ನನ್ನದಕ್ಕೆ ಇನ್ನೂ ಬಂದಿಲ್ಲ.

ಅಣ್ಣ ಆ ಲೆಕ್ಕದ ಹಾಳೆಯನ್ನು ತಂದು ಅವ್ವನ ಕಾಲು ಹಿಡಿದು ಕ್ಷಮೆ ಕೇಳಿದ. ಅವ್ವ ಅವನಿಗೆ ಊಟಕ್ಕೆ ಬಡಿಸಿದಳು, ಆದರೆ ದೊಡ್ಡಮ್ಮನ ಮನೆಯ ಹೊಸ್ತಿಲನ್ನು ಇನ್ನೂ ತುಳಿದಿಲ್ಲ. ಮಧ್ಯವರ್ತಿ ದಾವಣಗೆರೆಯ ಬಾಡಿಗೆ ಮಳಿಗೆಯನ್ನು ಖಾಲಿ ಮಾಡಿ ಈಗ ಚಿತ್ರದುರ್ಗದಲ್ಲಿ ಅದೇ ವ್ಯವಹಾರ ನಡೆಸುತ್ತಿದ್ದಾನೆಂದು ಕೇಳಿದೆ. ಅಂಥವರ ಬಳಿ ಹೋಗುವವರು ಹಣ ಕೊಡುವ ಮೊದಲು ನಿಮ್ಮ ಮನೆಯ ಮೂರು ತಲೆಮಾರಿನ ಮದುವೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಮುಂದಿಡಿ. ಅದನ್ನು ನೋಡದೆ ಕೊಳವೆಯನ್ನು ಕೈಗೆ ಕೊಡುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.