ಕಾಲಿನ ಕೂದಲು ತೆಗೆಯೋಕೆ ರೇಜರ್ರಾ, ವ್ಯಾಕ್ಸಾ, ಕ್ರೀಮಾ? ಸೈಕ್ಲಿಂಗ್, ಟ್ರಯಥ್ಲಾನ್ ಮಾಡೋ ಗಂಡಸರಿಗೆ

ಸೈಕ್ಲಿಸ್ಟ್‌ಗಳು ಕಾಲು ಶೇವ್ ಮಾಡೋದು ಬರೀ ಸ್ಟೈಲ್‌ಗಲ್ಲ, ಬಿದ್ದು ತರಚಿದಾಗ ಗಾಯ ತೊಳೆಯೋಕೆ ಸುಲಭ, ಜೊತೆಗೆ 2014ರಲ್ಲಿ ಸ್ಪೆಷಲೈಸ್ಡ್ ಅನ್ನೋ ಸೈಕಲ್ ಕಂಪನಿಯ ವಿಂಡ್ ಟನಲ್ (ಜೋರಾಗಿ ಗಾಳಿ ಬೀಸಿ ಪರೀಕ್ಷೆ ಮಾಡೋ ಸುರಂಗ) ಟೆಸ್ಟಲ್ಲಿ ಗಾಳಿಯ ತಡೆ ಕಮ್ಮಿಯಾಗಿ 40 ಕಿ.ಮೀ.ಗೆ ಸುಮಾರು ಒಂದು ನಿಮಿಷ ಉಳಿಯುತ್ತೆ ಅಂತ ಲೆಕ್ಕ ಬಂತು.

ರೇಜರ್ ಅಗ್ಗ, ಆದ್ರೆ ಎರಡ್ಮೂರು ದಿನಕ್ಕೇ ಚುಚ್ಚೋಕೆ ಶುರು. ಮೊದಲನೇ ಸಲ ಆದ್ರೆ ಟ್ರಿಮ್ಮರ್ ಹೊಡೆದು ಆಮೇಲೆ ಬಿಸಿನೀರು, ಫೋಮ್ ಹಾಕಿ ನಿಧಾನಕ್ಕೆ ಎಳೀರಿ, ಮಂಡಿಚಿಪ್ಪಿನ ಹತ್ರ ಹುಷಾರು, ರೇಸ್ ಹಿಂದಿನ ರಾತ್ರಿ ಮಾತ್ರ ಬೇಡ, ಸಣ್ಣ ಗಾಯಕ್ಕೆ ಬೆವರು ತಾಗಿದ್ರೆ ಸಿಕ್ಕಾಪಟ್ಟೆ ಉರಿ.

ವ್ಯಾಕ್ಸ್ ಮೂರ್ನಾಲ್ಕು ವಾರ ಬರುತ್ತೆ, ನೋವಿದೆ, ಕೂದಲು ಅರ್ಧ ಸೆಂಟಿಮೀಟರ್ ಆದ್ರೂ ಬೆಳೆದಿರಬೇಕು, ಕೂದಲು ಒಳಗೇ ಬೆಳೆದು ಗುಳ್ಳೆ ಏಳೋರಿಗೆ ಬೇಡವೇ ಬೇಡ. ಕ್ರೀಮ್‌ಗೆ ನೋವಿಲ್ಲ, ವಾಸನೆ ಇದೆ, ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ, ಪ್ಯಾಕ್ ಮೇಲೆ ಹೇಳಿದ ಹೊತ್ತಿಗೆ ತೊಳೆದು, ಉರಿ, ಕೆಂಪು ಏನಾದ್ರೂ ಬರುತ್ತಾ ಅಂತ 24 ಗಂಟೆ ನೋಡಿ.

ಬರೀ ಓಡೋರಿಗೆ ಟ್ರಿಮ್ಮರ್ರೇ ಸಾಕು, ಸೈಕಲ್ ತುಳಿಯೋರಿಗೆ ನನ್ನ ವೋಟು ರೇಜರ್‌ಗೆ.