ಅಬರ್‌ಫಾಯಲ್ ಕಾಡಿನ ಜಲ್ಲಿ ದಾರಿಗಳು: ನಾಲ್ಕು ವರ್ಷ ಸೈಕಲ್ ತುಳಿದ ಮೇಲೆ

ಸ್ಕಾಟ್ಲೆಂಡಿನ ಅಬರ್‌ಫಾಯಲ್ ಊರು ದಾಟಿ ಲಾಖ್ ಆರ್ಡ್ ಕಾಡಿಗೆ ಹೋಗುವ ದಾರಿಗೆ ಒಂದು ಕಬ್ಬಿಣದ ಅಡ್ಡಗಂಬ ಹಾಕಿದ್ದಾರೆ. ಪಕ್ಕದಲ್ಲಿ ಸೈಕಲ್ ಹ್ಯಾಂಡಲ್ ನುಗ್ಗುವಷ್ಟು ಜಾಗ. ನಾಲ್ಕು ವರ್ಷದ ಹಿಂದೆ ಮೊದಲ ಸಲ ಹೋದಾಗ ನಾನು ಅಲ್ಲೇ ನಿಂತುಬಿಟ್ಟೆ. ನಾನು ಶಿವಮೊಗ್ಗ ಕಡೆಯವಳು. ನಮ್ಮಲ್ಲಿ ಕಾಡಿನ ರಸ್ತೆಗೆ ಗೇಟು ಹಾಕಿದ್ದಾರೆ ಅಂದರೆ ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ಕಾಲಿಡುವ ಹಾಗಿಲ್ಲ. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಹೋಗಮ್ಮ, ಅದು ಕಾರುಗಳಿಗೆ ಹಾಕಿದ್ದು, ನಿನಗಲ್ಲ" ಅಂದರು.

ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಅಂತ ಒಂದಿದೆ. ಹೆಸರು ಕೇಳಿದರೆ ನಮಗೆ ಉಳುವವನಿಗೆ ಭೂಮಿ ಕೊಟ್ಟಿದ್ದು ನೆನಪಾಗುತ್ತದೆ, ಅಲ್ವಾ? ಇಲ್ಲಿಯ ಕಾಯ್ದೆ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಕುದುರೆ ಸವಾರರಿಗೆ ಹೆಚ್ಚುಕಮ್ಮಿ ಎಲ್ಲ ಕಾಡು-ಗುಡ್ಡಗಳಲ್ಲೂ ಓಡಾಡುವ ಹಕ್ಕು ಕೊಟ್ಟಿದೆ. ಜವಾಬ್ದಾರಿಯಿಂದ ನಡೆದುಕೊಳ್ಳಬೇಕು, ಅಷ್ಟೇ. ಮೋಟಾರು ಗಾಡಿಗೆ ಈ ಹಕ್ಕು ಇಲ್ಲ.

ನಾವಿರುವುದು ಗ್ಲಾಸ್ಗೋದಲ್ಲಿ. ಅಲ್ಲಿಂದ ಅಬರ್‌ಫಾಯಲ್ ಉತ್ತರಕ್ಕೆ 45 ಕಿಲೋಮೀಟರ್ ಹತ್ತಿರ. ತಿಂಗಳಿಗೆ ಎರಡು ಭಾನುವಾರವಾದರೂ ಹೋಗುತ್ತೇನೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಆರು ವರ್ಷ ಸೈಕಲ್ ಮುಟ್ಟಿರಲಿಲ್ಲ. ಹೊರವರ್ತುಲ ರಸ್ತೆಯಲ್ಲಿ ಒಂದು ಲಾರಿ ನನ್ನ ಬಲ ಮೊಣಕೈಗೆ ತಾಗಿಕೊಂಡೇ ಹೋಗಿತ್ತು. ಗಾಯ ಏನೂ ಆಗಲಿಲ್ಲ. ಆದರೆ ಆಮೇಲೆ ಸೈಕಲ್ ಹತ್ತಿದಾಗಲೆಲ್ಲ ಕಿವಿ ಹಿಂದಕ್ಕೇ ಇರುತ್ತಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ಈ ಕಾಡಿನ ದಾರಿಗಳಲ್ಲಿ ಅದು ಹೋಯಿತು. ಒಂದೇ ದಿನಕ್ಕೆ ಹೋಗಲಿಲ್ಲ. ಮೂರನೆಯದೋ ನಾಲ್ಕನೆಯದೋ ಸಲ, ಡುಖ್ರೇ ಹೊಳೆ ಹತ್ತಿರ ಇಳಿಜಾರಿನಲ್ಲಿ ಬರುವಾಗ, ಅರ್ಧ ಗಂಟೆಯಿಂದ ಹಿಂದೆ ತಿರುಗಿಯೇ ನೋಡಿಲ್ಲ ಅನ್ನುವುದು ಗೊತ್ತಾಯಿತು. ಬರೀ ಟೈರಿನ ಕೆಳಗೆ ಜಲ್ಲಿ ಕರಕರ ಅನ್ನುವ ಸದ್ದು, ನೀರಿನ ಸದ್ದು. ಅಲ್ಲೇ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿದ್ದೆ.

ಲಾಖ್ ಅಂದರೆ ಇಲ್ಲಿಯವರ ಮಾತಿನಲ್ಲಿ ಸರೋವರ. ಕೊನೆಯ ಅಕ್ಷರ ಗಂಟಲಿನಿಂದ ಬರಬೇಕು.

ಇಲ್ಲಿಯ ಒಂದು ದಾರಿಯನ್ನೂ ಮೊದಲು ಸೈಕಲ್ಲಿಗಾಗಿ ಮಾಡಿದ್ದಲ್ಲ. ಲಾಖ್ ಆರ್ಡ್ ಕಾಡಿನ ರಸ್ತೆಗಳು ಮರ ಸಾಗಿಸುವ ಲಾರಿಗಾಗಿ ಆದವು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರದ ಬರ ಬಂತು. 1919ರಲ್ಲಿ ಅರಣ್ಯ ಆಯೋಗ ಹುಟ್ಟಿತು, ಬೋಳುಗುಡ್ಡಗಳ ಮೇಲೆ ಸಾಲುಸಾಲಾಗಿ ಮರ ನೆಟ್ಟರು. ಈಗ ನೋಡುವುದರಲ್ಲಿ ಜಾಸ್ತಿ ಸಿಟ್ಕಾ ಸ್ಪ್ರೂಸ್, ಅದು ಉತ್ತರ ಅಮೆರಿಕದಿಂದ ತಂದ ಮರ. ತುಂಬಿದ ಲಾರಿ ಓಡಾಡಬೇಕಾದ್ದರಿಂದ ರಸ್ತೆ ಅಗಲವಾಗಿದೆ, ತಿರುವುಗಳು ದೊಡ್ಡವು, ಏರು ಉದ್ದ ಇದ್ದರೂ ಕಾಲು ಮುರಿಯುವಷ್ಟು ಕಡಿದಲ್ಲ. ಹೊಸಬರಿಗೆ ನಾನು ಇಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ಊರಿನ ಉತ್ತರಕ್ಕಿರುವ ದಾರಿಗಳು ಮೊದಲ ತುಳಿತದಿಂದಲೇ ಏರು. ತಗ್ಗುನಾಡಿಗೂ ಹೈಲ್ಯಾಂಡ್ಸ್‌ಗೂ ನಡುವಿನ ಭೂಮಿಯ ಬಿರುಕು ಈ ಊರಿನ ಹತ್ತಿರವೇ ಹಾದುಹೋಗಿದೆ, ಗುಡ್ಡ ಅಲ್ಲಿಂದ ಗೋಡೆಯ ಹಾಗೆ ಏಳುತ್ತದೆ.

ಲಾಖ್ ಆರ್ಡ್ ಕಾಡಿನ ಮಧ್ಯೆ ಹೋಗುವಾಗ ಮರಗಳ ನಡುವೆ ಕಲ್ಲಿನ ಗುಂಡು ಗೋಪುರಗಳು ಕಾಣುತ್ತವೆ. ಹಳೇ ಕೋಟೆಯ ಬುರುಜು ಅಂದುಕೊಂಡಿದ್ದೆ. ಅವು ನೆಲದ ಕೆಳಗಿನ ನೀರಿನ ಕಾಲುವೆಯ ಗಾಳಿಗಂಡಿಗಳು. ಗ್ಲಾಸ್ಗೋದಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತ ಮೇಲೆ ಲಾಖ್ ಕ್ಯಾಟ್ರಿನ್‌ನಿಂದ ನಗರಕ್ಕೆ ನೀರು ತಂದರು. 1859ರಲ್ಲಿ ವಿಕ್ಟೋರಿಯಾ ರಾಣಿ ಬಂದು ಉದ್ಘಾಟನೆ ಮಾಡಿದಳು. ಸುಮಾರು 42 ಕಿಲೋಮೀಟರ್ ದೂರಕ್ಕೆ ಪಂಪು ಇಲ್ಲ, ನೀರು ತಾನಾಗಿ ಹರಿದು ಬರಬೇಕು. ಪ್ರತಿ ಮೈಲಿಗೆ ಬರೀ 10 ಇಂಚು ಇಳಿಜಾರು ಕೊಟ್ಟು ಗುಡ್ಡ ಕೊರೆದಿದ್ದಾರೆ. ಅಡಿಕೆ ತೋಟಕ್ಕೆ ಗುಡ್ಡದ ಅಬ್ಬಿ ನೀರನ್ನು ದಂಬೆಯಲ್ಲಿ ತರುವುದನ್ನು ನೋಡಿ ಬೆಳೆದವಳಿಗೆ ಈ ಲೆಕ್ಕ ಎಷ್ಟು ನಾಜೂಕಿನದು ಅಂತ ಗೊತ್ತು. ಸ್ವಲ್ಪ ವಾಟ ತಪ್ಪಿದರೂ ನೀರು ನಿಂತುಬಿಡುತ್ತದೆ.

ಲಾಖ್ ಕ್ಯಾಟ್ರಿನ್ ಸುತ್ತ ಕಾರು ಬಿಡದಿರುವುದಕ್ಕೂ ಈ ನೀರೇ ಕಾರಣ. ಉತ್ತರ ದಂಡೆಯ ರಸ್ತೆ ನೀರು ಸರಬರಾಜಿನವರದು. ಟ್ರಾಸಾಕ್ಸ್ ಪಿಯರ್ ಅನ್ನುವ ಹಡಗುಕಟ್ಟೆಯಿಂದ ಸ್ಟ್ರೋನಾಖ್ಲಾಖರ್‌ವರೆಗೆ ಸುಮಾರು 21 ಕಿಲೋಮೀಟರ್. ಅಲ್ಲಿಯ ತೋಟದ ಮನೆಯವರದೋ ನೀರಿನವರದೋ ಒಂದೆರಡು ಗಾಡಿ ಸಿಗಬಹುದು, ಅವೂ ನಿಧಾನ. ಇಲ್ಲಿ ಜಲ್ಲಿ ಇಲ್ಲ, ಡಾಂಬರು. ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನಾನು ಎಲ್ಲೂ ನೋಡಿಲ್ಲ.

ಹೋದ ವರ್ಷ ಜೂನ್‌ನಲ್ಲಿ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಎಲ್ಲರೂ ಸರ್ ವಾಲ್ಟರ್ ಸ್ಕಾಟ್ ಹಡಗು ಹತ್ತಿದೆವು, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. 1900ರಲ್ಲಿ ಓಡಾಟ ಶುರು ಮಾಡಿದ ಹಬೆ ಹಡಗು ಅದು. ಡಂಬಾರ್ಟನ್‌ನಲ್ಲಿ ಕಟ್ಟಿ, ಬಿಡಿಸಿ, ಲಾಖ್ ಲೋಮಂಡ್ ಮೇಲೆ ದೋಣಿಯಲ್ಲಿ ತಂದು, ಉಳಿದ ದಾರಿ ಕುದುರೆ ಗಾಡಿಯಲ್ಲಿ ಎಳೆಸಿ ಇಲ್ಲಿ ಮತ್ತೆ ಜೋಡಿಸಿದ್ದು. ಇಂಜಿನ್ನು ತಿರುಗುವುದು ಮೇಲಿನಿಂದಲೇ ಕಾಣುತ್ತದೆ, ಅಮ್ಮ ಅದರ ಮುಂದೆಯೇ ನಿಂತಿದ್ದರು. ಸ್ಟ್ರೋನಾಖ್ಲಾಖರ್‌ನಲ್ಲಿ ಇಳಿದು ರಸ್ತೆ ನೋಡಿ ಕೇಳಿದರು.

"ಇಷ್ಟು ಚೆನ್ನಾಗಿ ರಸ್ತೆ ಮಾಡಿಟ್ಟು ಕಾರು ಬಿಡಲ್ವೇನೇ ಇವರು?"

"ನೀರಿನವರ ರಸ್ತೆ ಅಮ್ಮ. ನಮ್ಮ ಮನೆ ನಲ್ಲಿಗೆ ಬರೋದು ಈ ನೀರೇ."

ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದವರು ಕೈ ನಿಲ್ಲಿಸಿ ಸರೋವರ ನೋಡಿದರು. ಗ್ಲಾಸ್ಗೋದ ನೀರು ತುಂಬಾ ಮೃದು. ಬಂದ ಮೊದಲ ದಿನವೇ "ಇಲ್ಲಿ ಡಿಕಾಕ್ಷನ್ ಚೆನ್ನಾಗಿ ಇಳಿಯತ್ತೆ" ಅಂತ ಹೇಳಿದ್ದರು.

ಅಮ್ಮ, ನಮ್ಮ ಮನೆಯವರು ಹಡಗಿನಲ್ಲೇ ವಾಪಸ್ ಹೋದರು. ನಾನು, ಒಂಬತ್ತು ವರ್ಷದ ಮಗಳು ಸೈಕಲ್ ಹತ್ತಿದೆವು. ಸರೋವರದ ತಲೆಯಲ್ಲಿ ಗ್ಲೆನ್‌ಗೈಲ್ ಬರುತ್ತದೆ, ಇಲ್ಲಿಯ ಹೆಸರಾಂತ ಬಂಡುಕೋರ ರಾಬ್ ರಾಯ್ ಮೆಕ್‌ಗ್ರೆಗರ್ 1671ರಲ್ಲಿ ಹುಟ್ಟಿದ ಜಾಗ. ಮುಂದೆ ನೀರಿನೊಳಕ್ಕೆ ಚಾಚಿಕೊಂಡಂತೆ ಅವರ ಮನೆತನದ ಸ್ಮಶಾನ. ಅದು ದಾಟಿದ ಮೇಲೆ ಮಗಳು "ಅಮ್ಮಾ, ನಾನು ಮುಂದೆ ಹೋಗ್ಲಾ?" ಅಂದಳು. ಹೋಗು ಅಂದೆ. ಮನೆ ಮುಂದಿನ ಬೀದಿಯಲ್ಲಿ ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ಅವಳು ಏರು ಹತ್ತಿ ತಿರುವಿನಲ್ಲಿ ಮರೆಯಾದಳು, ಆಮೇಲೆ ಗಂಟೆ ಟ್ರಿಣ್ ಟ್ರಿಣ್ ಅಂತ ಕೇಳಿಸಿತು. ದಾರಿಯಲ್ಲಿ ಕುರಿ ಮಲಗಿತ್ತಂತೆ. ಹಾಂ, ಈ ರಸ್ತೆ ಸಮತಟ್ಟು ಅಂದುಕೊಂಡು ಹೋಗಬೇಡಿ. ಸಣ್ಣ ಸಣ್ಣ ಏರುಗಳು ಒಂದರ ಹಿಂದೊಂದು ಬರುತ್ತವೆ. ಮಗುವಿನ ಸೈಕಲ್ಲಿಗೆ ಗೇರು ಇರಲೇಬೇಕು.

ಕಷ್ಟಗಳನ್ನೂ ಹೇಳಬೇಕು. ಮೊದಲ ವರ್ಷ ನಾನು 35 ಎಂಎಂ ಅಗಲದ ಟೈರು ಹಾಕಿಕೊಂಡಿದ್ದೆ. ಕಾಡಿನ ರಸ್ತೆ ರಿಪೇರಿಯಾದ ಹೊಸದರಲ್ಲಿ ಜಲ್ಲಿ ಚಾಕುವಿನಷ್ಟು ಚೂಪು. ಟೈರಿನ ಪಕ್ಕ ಎರಡು ಬೆರಳಗಲ ಸೀಳಿತು, ತೂತು ಮುಚ್ಚಲು ಒಳಗೆ ಹಾಕಿದ್ದ ಸೀಲಂಟ್ ದ್ರವ ಹಾಲಿನ ಹಾಗೆ ಚಿಮ್ಮಿತು. ಫೋನಿಗೆ ಸಿಗ್ನಲ್ ಇಲ್ಲ. 8 ಕಿಲೋಮೀಟರ್ ತಳ್ಳಿಕೊಂಡು ಬಂದೆ. ಈಗ 45 ಎಂಎಂ ಟ್ಯೂಬ್‌ಲೆಸ್. ನನ್ನ ತೂಕ 60 ಕೆಜಿ, ಮುಂದೆ 28, ಹಿಂದೆ 31 ಪಿಎಸ್‌ಐ ಗಾಳಿ. ಮೂರು ವರ್ಷದಲ್ಲಿ ಮತ್ತೆ ತಳ್ಳಿಲ್ಲ. ಆದರೂ ಒಂದು ಟ್ಯೂಬು ಮತ್ತು ಸೀಳಿದ ಟೈರಿಗೆ ಒಳಗಿಂದ ಇಡಲು ಹಳೇ ಟೈರಿನ ಒಂದು ತುಂಡು ಚೀಲದಲ್ಲಿ ಇದ್ದೇ ಇರುತ್ತದೆ.

ಬ್ರೇಕ್ ಪ್ಯಾಡಿನ ವಿಷಯದಲ್ಲಿ ಯಾರೂ ನನಗೆ ಎಚ್ಚರಿಕೆ ಹೇಳಿರಲಿಲ್ಲ. ಇಲ್ಲಿ ಮಳೆ ಜಾಸ್ತಿ. ಒದ್ದೆ ಕಲ್ಲುಪುಡಿ ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿ ಸಾಣೆ ಹಿಡಿದ ಹಾಗೆ ತೇಯುತ್ತದೆ. ರಾಳದಲ್ಲಿ ಅಂಟಿಸಿ ಮಾಡಿದ ರೆಸಿನ್ ಪ್ಯಾಡು ಮೂರು ತಿಂಗಳಿಗೆ ತಗಡು ಕಾಣುವಷ್ಟು ಸವೆಯಿತು, ಅದು ಗೊತ್ತಾಗಿದ್ದು ಇಳಿಜಾರಿನ ಮಧ್ಯೆ. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡು ಹಾಕಿಸಿ. ಸದ್ದು ಮಾಡುತ್ತದೆ, ಆದರೆ ಬಾಳುತ್ತದೆ.

ನುಸಿ. ಜೂನ್‌ನಿಂದ ಆಗಸ್ಟ್‌ವರೆಗೆ, ಗಾಳಿ ಇಲ್ಲದ ಮೋಡದ ಸಂಜೆ, ನಿಂತರೆ ಮುಗಿಯಿತು. ತುಳಿಯುತ್ತಿರುವಾಗ ಹತ್ತಿರ ಬರುವುದಿಲ್ಲ, ಪಂಕ್ಚರ್ ಹಾಕಲು ಕೂತರೆ ಕಣ್ಣು ಕಿವಿಗೆಲ್ಲ ಮುತ್ತುತ್ತವೆ. ತಲೆಗೆ ಹಾಕುವ ಬಲೆ ಜೇಬಿನಲ್ಲಿರಲಿ. ಇನ್ನೊಂದು ಉಣುಗು. ಮಂಗನ ಕಾಯಿಲೆಯ ಜಿಲ್ಲೆಯಲ್ಲಿ ಬೆಳೆದ ನನಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿ ಅದು ಲೈಮ್ ಕಾಯಿಲೆ ತರಬಹುದು. ಜರೀಗಿಡಗಳ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಮಂಡಿ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ.

ಮರ ಕಡಿಯುವಾಗ ದಾರಿ ಮುಚ್ಚಿರುತ್ತದೆ. ಬೋರ್ಡು ಇದ್ದರೆ ಸುಮ್ನೆ ವಾಪಸ್ ತಿರುಗಿ, ಯಂತ್ರದ ಮೇಲೆ ಕೂತವರಿಗೆ ನಾವು ಕಾಣುವುದಿಲ್ಲ. ಕಡಿದ ಮೇಲಿನ ಗುಡ್ಡ ನೋಡಲು ಸಂಕಟವಾಗುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಲಾರ್ಚ್ ಮರಗಳಿಗೆ. ಶರತ್ಕಾಲದಲ್ಲಿ ಅರಿಸಿನ ಬಣ್ಣಕ್ಕೆ ತಿರುಗುವ ಮರ ಅದು. ಫೈಟಾಫ್ತೊರಾ ರಮೋರಮ್ ಅನ್ನುವ ರೋಗ ಹರಡಿ ಅವನ್ನು ಕಡಿಯುತ್ತಿದ್ದಾರೆ. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲದ್ದೇ. ಆಷಾಢದಲ್ಲಿ ಗೊನೆಯ ಕೆಳಗೆ ಉದುರಿದ ಕಾಯಿ ನೋಡಿ ಅಪ್ಪ ಮಾತಾಡದೆ ನಿಲ್ಲುತ್ತಿದ್ದರು. ಈ ರೋಗ ಕೆಸರಿನಲ್ಲೂ ಸಾಗುತ್ತದೆ. ದಯವಿಟ್ಟು ಟೈರು, ಶೂ ತೊಳೆದುಕೊಂಡೇ ಇನ್ನೊಂದು ಕಾಡಿಗೆ ಹೋಗಿ.

ಸ್ಟ್ರೋನಾಖ್ಲಾಖರ್‌ನಿಂದ ಅಬರ್‌ಫಾಯಲ್‌ಗೆ ಬರುವ ಬಿ829 ರಸ್ತೆ ಮಾತ್ರ ಕಾರುಗಳದ್ದು, ಕಿರಿದು. ಪೂರ್ತಿ ಸುತ್ತು ಹಾಕುವ ಆಸೆಗೆ ಮಕ್ಕಳನ್ನು ಅಲ್ಲಿ ಕರೆದುಕೊಂಡು ಬರಬೇಡಿ, ಹಡಗೇ ಮೇಲು. ಸಮತಟ್ಟೇ ಬೇಕು ಅನ್ನುವವರು ಕ್ಯಾಲಂಡರ್ ಅನ್ನುವ ಊರಿನಿಂದ ಲಾಖ್ ಲುಬ್ನೇಗ್ ದಂಡೆಯ ದಾರಿಗೆ ಹೋಗಿ. ಅದು 1965ರಲ್ಲಿ ನಿಂತುಹೋದ ಓಬನ್ ರೈಲಿನ ಹಳಿ ಇದ್ದ ಜಾಗ. ಕಾರಿಲ್ಲದವರು ಗ್ಲಾಸ್ಗೋದಿಂದ ಬಲಾಖ್‌ಗೆ ರೈಲು ಹಿಡಿಯಿರಿ, ಸೈಕಲ್ಲಿಗೆ ಟಿಕೆಟ್ ಇಲ್ಲ. ಅಲ್ಲಿಂದ 7ನೇ ನಂಬರಿನ ರಾಷ್ಟ್ರೀಯ ಸೈಕಲ್ ದಾರಿ ಡ್ರಿಮೆನ್ ಮೇಲೆ ಅಬರ್‌ಫಾಯಲ್‌ಗೆ ತರುತ್ತದೆ. ಈ ಭಾಗದಲ್ಲಿ ಸಣ್ಣ ಊರುರಸ್ತೆಗಳೂ ಸೇರಿವೆ, ಅಲ್ಲಿ ಕಾರು ಸಿಗುತ್ತದೆ.

ಇನ್ನು ಚಳಿಗಾಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ದೀಪ ಇಲ್ಲದೆ ಹೊರಡಬೇಡಿ. ಆದರೂ ನಾನು ಕಾಯುವುದು ಆ ತಿಂಗಳುಗಳಿಗೇ. ಡ್ಯೂಕ್ಸ್ ಪಾಸ್ ಘಟ್ಟದ ಮೇಲಿಂದ ಲಾಖ್ ಡ್ರಂಕಿ ಕಡೆ ಇಳಿಯುವ ಮೂರು ಸರೋವರಗಳ ಕಾಡುದಾರಿಯಲ್ಲಿ ಬೇಸಿಗೆ ಪೂರ್ತಿ ಕಾರು ಬಿಡುತ್ತಾರೆ. ಅಕ್ಟೋಬರ್ ಮುಗಿದ ಮೇಲೆ ಗಾಡಿಗಳಿಗೆ ಗೇಟು ಹಾಕುತ್ತಾರೆ. ಹೋದ ನವೆಂಬರ್‌ನಲ್ಲಿ ಬೆಳಿಗ್ಗೆ ಹೋದಾಗ ಗೇಟಿನ ಬೀಗದ ಮೇಲೆ ಹಿಮ ಕೂತಿತ್ತು. ಒಳಗಿನ ಜಲ್ಲಿ ಮೇಲೆ ಜಿಂಕೆಯ ಹೆಜ್ಜೆ ಬಿಟ್ಟರೆ ಒಂದು ಗುರುತೂ ಇರಲಿಲ್ಲ. ಮಗಳು ಪಕ್ಕದ ಸಂದಿಯಲ್ಲಿ ಹ್ಯಾಂಡಲ್ ಓರೆ ಮಾಡಿ ನುಗ್ಗಿಸಿ, ನಾನು ಗ್ಲೌಸು ಹಾಕಿಕೊಳ್ಳುವಷ್ಟರಲ್ಲಿ ಆಗಲೇ ಇಳಿಜಾರಿನಲ್ಲಿದ್ದಳು.